ಜೂನ್ ಒಂದರಂದು ಹುಟ್ಟಿದವರು

ನಾನು ದಿನಾ ಯಾರ ಮುಖ ನೋಡಿ ಕೆಲಸ ಮಾಡುತ್ತೇನೋ ಅವರಿಗೆಲ್ಲ ಮೂವತ್ತು ವರ್ಷದಿಂದ ಹತ್ತೊಂಬತ್ತೇ ವಯಸ್ಸು. ಹಾಸನದ ಒಂದು ಪದವಿ ಕಾಲೇಜಿನಲ್ಲಿ ಭೂಗೋಳ ಕಲಿಸುವವನು ನಾನು. ಮೊದಲ ದಿನ ತರಗತಿಗೆ ಹೋದಾಗ ಎದುರಿಗಿದ್ದವರಿಗೆ ಹತ್ತೊಂಬತ್ತು. ಮೊನ್ನೆ ಸೋಮವಾರ ಹೋದಾಗಲೂ ಹತ್ತೊಂಬತ್ತು. ಹೆಸರುಗಳು ಬದಲಾಗಿವೆ, ತಲೆ ಬಾಚುವ ರೀತಿ ಬದಲಾಗಿದೆ, ಕೊನೆಯ ಬೆಂಚಿನ ನಿದ್ದೆ ಮಾತ್ರ ಅದೇ. ಈ ಮೂವತ್ತು ವರ್ಷದಲ್ಲಿ ಆ ಕೋಣೆಯಲ್ಲಿ ವಯಸ್ಸಾದದ್ದು ಎರಡಕ್ಕೇ, ಕರಿಹಲಗೆಗೆ ಮತ್ತು ನನಗೆ. ಹಲಗೆಯನ್ನು ಹೋದ ವರ್ಷ ಬದಲಾಯಿಸಿದರು.

ಇದೆಲ್ಲ ತಲೆಗೆ ಬಂದದ್ದು ಅಧ್ಯಾಪಕರ ಕೊಠಡಿಯಲ್ಲಿ ಒಂದು ಮಧ್ಯಾಹ್ನ ಮೊಬೈಲು ತೀಡುತ್ತಾ ಕೂತಿದ್ದಾಗ. ನನ್ನ ಸುತ್ತ ಇದ್ದ ಅತಿಥಿ ಉಪನ್ಯಾಸಕರು ಅವರವರ ಮೊಬೈಲಿನಲ್ಲಿ ಮುಳುಗಿದ್ದರು. ಒಬ್ಬನೇ ಸುಮ್ಮನೆ ಕೂತರೆ ಬೇಸರದಲ್ಲಿದ್ದಾನೆ ಅಂದುಕೊಂಡಾರು ಎಂದು ನಾನೂ ಮುಳುಗಿದೆ. ಯಾವ ಯಾವ ಮಹಾನಗರಗಳಲ್ಲಿ ಅತಿ ಎಳೆಯ ಜನ ಇದ್ದಾರೆ, ಯಾಕೆ ಇದ್ದಾರೆ ಅನ್ನುವ ಬರಹವೊಂದು ಸಿಕ್ಕಿತು. ಕೆಲವು ನಗರಗಳಲ್ಲಿ ಮಕ್ಕಳು ಹೆಚ್ಚು ಹುಟ್ಟುತ್ತಾರಂತೆ, ಆದ್ದರಿಂದ ಅವು ಎಳೆಯವು. ಕೆಲವು ಕಡೆ ದೊಡ್ಡ ವಿಶ್ವವಿದ್ಯಾಲಯ ಇದೆ. ಕೆಲವು ಕಡೆ ಸೈನ್ಯದ ಠಾಣ್ಯ. ಇನ್ನು ಕೆಲವು ಕಡೆ ಈಗ ತಾನೇ ಕೆಲಸ ಹುಡುಕಿಕೊಂಡು ಬಂದವರ ಗುಂಪು. ಇದನ್ನು ನಾನೇ ಮೂವತ್ತು ವರ್ಷ ಕಲಿಸಿದ್ದೇನೆ. ಆದರೂ ಯಾರೋ ಬಣ್ಣದ ನಕಾಶೆ ಹಾಕಿ ಹೇಳಿದಾಗ ಹೊಸದಾಗಿ ಕೇಳಿದ ಹಾಗೆ ಓದಿದೆ.

ಒಂದು ಊರಿನ ವಯಸ್ಸನ್ನು ಅಳೆಯುವ ಕ್ರಮ ಬಹಳ ಚೆಂದದ್ದು. ಊರಿನವರನ್ನೆಲ್ಲ ಶಾಲೆಯ ಪ್ರಾರ್ಥನೆಗೆ ನಿಲ್ಲಿಸುವ ಹಾಗೆ ಸಾಲಾಗಿ ನಿಲ್ಲಿಸಬೇಕು. ಅಲ್ಲಿ ಎತ್ತರದ ಪ್ರಕಾರ, ಇಲ್ಲಿ ವಯಸ್ಸಿನ ಪ್ರಕಾರ. ಈ ತುದಿಗೆ ತೊಟ್ಟಿಲ ಕೂಸು, ಆ ತುದಿಗೆ ಅತ್ಯಂತ ಹಿರಿಯಜ್ಜಿ. ಸರಿಯಾಗಿ ನಟ್ಟನಡುವೆ ಯಾರು ನಿಂತಿದ್ದಾರೋ ಅವರ ವಯಸ್ಸೇ ಊರಿನ ವಯಸ್ಸು. ಮಧ್ಯಾಂಕ ಎಂದು ಪಠ್ಯದಲ್ಲಿ ಕರೆಯುತ್ತೇವೆ. ನಡುವೆ ನಿಂತವನಿಗೆ ತಾನು ಊರಿನ ವಯಸ್ಸು ಅನ್ನುವುದು ಗೊತ್ತಿರುವುದಿಲ್ಲ. ಅವನು ಪಾಪ ಹಾಲು ತರಲು ಹೋಗಿರುತ್ತಾನೆ.

ಹಾಸನವನ್ನು ಹೀಗೆ ಸಾಲು ನಿಲ್ಲಿಸುವುದು ಕಷ್ಟ, ಯಾಕೆಂದರೆ ಈ ಊರಿನ ವಯಸ್ಸು ಬಸ್ಸಿನ ವೇಳೆಯ ಮೇಲೆ ನಿಂತಿದೆ. ಬೆಳಗ್ಗೆ ಒಂಬತ್ತಕ್ಕೆ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಬಸ್ಸುಗಳು ಒಂದರ ಹಿಂದೊಂದು ಬಂದು ಪಾಸಿನ ಹುಡುಗ ಹುಡುಗಿಯರನ್ನು ಸುರಿದಾಗ ಊರಿಗೆ ಇಪ್ಪತ್ತು. ಸಂಜೆ ಐದೂವರೆಗೆ ಅವೇ ಬಸ್ಸುಗಳು ಅವರನ್ನು ತುಂಬಿಕೊಂಡು ಹೋದ ಮೇಲೆ ಊರಿಗೆ ಥಟ್ಟನೆ ನಲವತ್ತು. ಅರಕಲಗೂಡಿಗೆ ಶುಂಠಿ ಕೀಳುವ ಕಾಲದಲ್ಲಿ ಹೊರಗಿನಿಂದ ಕೆಲಸದವರು ಬಂದಿಳಿದು ಪ್ರಾಯ ಬರುತ್ತದೆ, ಶುಂಠಿ ಲಾರಿಗೇರಿದ ಮೇಲೆ ಪ್ರಾಯವೂ ಹೊರಟುಹೋಗುತ್ತದೆ. ಚನ್ನರಾಯಪಟ್ಟಣದ ಹೆದ್ದಾರಿ ಹೋಟೆಲುಗಳಲ್ಲಿ ಇಡ್ಲಿ ತಿನ್ನುತ್ತಿರುವ ಜನರಲ್ಲಿ ಅರ್ಧ ಆ ಊರಿನವರೇ ಅಲ್ಲ, ಎಲ್ಲಿಂದಲೋ ಎಲ್ಲಿಗೋ ಹೋಗುವವರು. ಅವರನ್ನು ಯಾವ ಸಾಲಿಗೆ ಸೇರಿಸುವುದು?

ನಾನು ಇಷ್ಟು ವರ್ಷ ಕಲಿಸಿಯೂ ಗಮನಿಸದೇ ಇದ್ದ ಒಂದು ಮಾತು ಅವತ್ತು ಹೊಳೆಯಿತು. ಎಳೆಯ ಊರು ಅಂದರೆ ಅಲ್ಲಿ ಯಾರಿಗೂ ವಯಸ್ಸಾಗುವುದಿಲ್ಲ ಎಂದಲ್ಲ. ವಯಸ್ಸಾದವರನ್ನು ಅದು ಇಟ್ಟುಕೊಳ್ಳುವುದಿಲ್ಲ, ಅಷ್ಟೇ. ನನ್ನ ತರಗತಿಯಷ್ಟು ಎಳೆಯ ಊರು ಆ ಪಟ್ಟಿಯಲ್ಲಿ ಒಂದೂ ಇರಲಿಲ್ಲ.

ಪ್ರತಿ ವರ್ಷ ಹುಡುಗರನ್ನು ದೊಡ್ಡಗದ್ದವಳ್ಳಿಗೆ ಕರೆದುಕೊಂಡು ಹೋಗುವುದು ನನ್ನ ರೂಢಿ. ಕೆರೆ, ಇಳಿಜಾರು, ಬಳಪದ ಕಲ್ಲು ಎಲ್ಲ ತೋರಿಸಿ ಕೊನೆಗೆ ಲಕ್ಷ್ಮೀದೇವಿ ಗುಡಿಯ ಮುಂದೆ ಒಂದು ಫೋಟೋ. ಎಲ್ಲವೂ ನನ್ನ ಬಳಿ ಇವೆ. ಅವನ್ನು ಒಟ್ಟಿಗೆ ಹಿಡಿದು ಇಸ್ಪೀಟೆಲೆಯ ಹಾಗೆ ಸರ್ರನೆ ಬಿಟ್ಟರೆ ಗುಡಿ ಅಲ್ಲಾಡುವುದಿಲ್ಲ, ಹುಡುಗರು ಹುಡುಗರಾಗಿಯೇ ಇರುತ್ತಾರೆ. ಎಡತುದಿಯ ಒಬ್ಬ ಮನುಷ್ಯ ಮಾತ್ರ ನೋಡನೋಡುತ್ತಾ ಬೆಳ್ಳಗಾಗುತ್ತಾನೆ, ಹೊಟ್ಟೆ ಬರುತ್ತದೆ, ಕನ್ನಡಕ ಬರುತ್ತದೆ. ಅವನಿಗೆ ಮಾತ್ರ ಏನೋ ರೋಗ ಬಡಿದಂತೆ ಕಾಣುತ್ತದೆ.

ನಾನಿರುವ ಓಣಿಯೂ ಅಂಥದೇ. ಹಿಂದೆ ಸಂಸಾರಸ್ಥರಿದ್ದ ಮನೆಗಳೆಲ್ಲ ಈಗ ಪೀಜಿಗಳು. ಗೇಟಿನೊಳಗೆ ರಾಶಿ ಚಪ್ಪಲಿ, ಮಹಡಿಯ ತಂತಿಯ ಮೇಲೆ ರಾಶಿ ಟವೆಲು. ನನ್ನ ಮನೆಯ ಮುಂದೆ ಒಂದೇ ಜೊತೆ ಚಪ್ಪಲಿ. ನಾನು ಮದುವೆಯಾಗಲಿಲ್ಲ. ಯಾಕೆ ಎಂದು ಹಿಂದೆಲ್ಲ ಜನ ಕೇಳುತ್ತಿದ್ದರು, ನಾನು ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೇಳುತ್ತಿದ್ದೆ. ಈಗ ಕೇಳುವವರೂ ಇಲ್ಲ, ಹೇಳಿದ್ದರಲ್ಲಿ ಯಾವುದು ನಿಜ ಅನ್ನುವುದು ನನಗೂ ನೆನಪಿಲ್ಲ. ಓಣಿಯ ಹುಡುಗರು ಒಳ್ಳೆಯವರೇ. ‘ಅಂಕಲ್, ನೀರು ಬಂತಾ?’ ಎಂದು ಕೇಳುತ್ತಾರೆ. ನಾನು ‘ಬಂತು’ ಅನ್ನುತ್ತೇನೆ. ಕೆಲವು ದಿನ ತರಗತಿ ಬಿಟ್ಟರೆ ನಾನಾಡಿದ ಮಾತು ಅದೊಂದೇ. ಶನಿವಾರ ಸಂಜೆ ಅವರೆಲ್ಲ ಊರಿಗೆ ಹೋದರೆ ಓಣಿಯಲ್ಲಿ ನಾನೊಬ್ಬನೇ. ಆಗ ನಮ್ಮ ಓಣಿಯ ವಯಸ್ಸು ಮತ್ತು ನನ್ನ ವಯಸ್ಸು ಒಂದೇ.

ಅದು ಎಷ್ಟು ಅನ್ನುವುದೇ ಪ್ರಶ್ನೆ.

ಆ ಪ್ರಶ್ನೆ ಎದ್ದದ್ದು ಏಪ್ರಿಲ್ ಕೊನೆಯಲ್ಲಿ. ಕಾಲೇಜು ಕಚೇರಿಯ ಲತಾ ಬಂದು, “ಸಾರ್, ನಿಮ್ಮ ತಲೆ ಅಳತೆ ಎಷ್ಟು?” ಅಂದಳು. ಬುದ್ಧಿಯ ವಿಷಯ ಇರಬಹುದೆಂದು ಒಂದು ಕ್ಷಣ ಸಂಕೋಚಪಟ್ಟೆ. “ಪೇಟಕ್ಕೆ ಸಾರ್. ಮೇ ಮೂವತ್ತೊಂದಕ್ಕೆ ಬೀಳ್ಕೊಡುಗೆ ಅಲ್ವಾ? ಆ ದಿನ ಊರಲ್ಲಿ ಪೇಟನೇ ಸಿಗಲ್ಲ, ಈಗ್ಲೇ ಹೇಳಿಡ್ಬೇಕು.”

ಅವಳು ಹೇಳಿದ್ದು ನಿಜ. ಮೇ ಮೂವತ್ತೊಂದರಂದು ನಮ್ಮ ಜಿಲ್ಲೆಯಲ್ಲಿ ಪೇಟ, ಶಾಲು, ಗಂಧದ ಹಾರ ಮೂರಕ್ಕೂ ಬರ. ಅರವತ್ತು ತುಂಬುವ ಮುನ್ನಾದಿನ ನಿವೃತ್ತಿ, ನಮ್ಮ ಕಾಲದವರಲ್ಲಿ ಬಹುಪಾಲು ಜನ ಹುಟ್ಟಿದ್ದು ಜೂನ್ ಒಂದರಂದು. ತಾಯಂದಿರೆಲ್ಲ ಮಾತಾಡಿಕೊಂಡು ಒಂದೇ ದಿನ ಹೆತ್ತರು ಎಂದಲ್ಲ. ಶಾಲೆಗೆ ಸೇರಿಸಲು ಹೋದಾಗ ಮೇಷ್ಟ್ರು ಹುಟ್ಟಿದ ತಾರೀಖು ಕೇಳುತ್ತಿದ್ದರು. ಮನೆಯವರು ತಲೆ ಕೆರೆಯುತ್ತಿದ್ದರು. ಶಾಲೆ ಶುರುವಾಗುವುದು ಜೂನ್ ಆಸುಪಾಸು, ಆದ್ದರಿಂದ ಮೇಷ್ಟ್ರು ಜೂನ್ ಒಂದು ಎಂದು ಬರೆದುಕೊಳ್ಳುತ್ತಿದ್ದರು. ವರ್ಷಕ್ಕೆ ಬೇರೆ ಪರೀಕ್ಷೆ ಇತ್ತು. ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಆರು ವರ್ಷ ತುಂಬಿತು, ಒಳಗೆ ಬಾ. ಮುಟ್ಟದಿದ್ದರೆ ಮುಂದಿನ ವರ್ಷ ಬಾ.

ಜನಸಂಖ್ಯೆಯ ಪಾಠ ಮಾಡುವಾಗ ಇದನ್ನೇ ಹೇಳಿ ಹುಡುಗರನ್ನು ನಗಿಸುತ್ತಿದ್ದೆ. ಜನಗಣತಿಯ ಪಟ್ಟಿಗಳಲ್ಲಿ ಐದು ಮತ್ತು ಸೊನ್ನೆಯಲ್ಲಿ ಮುಗಿಯುವ ವಯಸ್ಸುಗಳ ಸುತ್ತ ಜನ ಜಾತ್ರೆಯ ಹಾಗೆ ಕೂಡಿರುತ್ತಾರೆ, ಯಾಕೆಂದರೆ ವಯಸ್ಸು ಗೊತ್ತಿಲ್ಲದವರು ಐವತ್ತೆರಡು ಅನ್ನುವುದಿಲ್ಲ, ಐವತ್ತು ಅನ್ನುತ್ತಾರೆ. ಕಡೆಗೆ ನನ್ನ ಕತೆಯನ್ನೂ ಸೇರಿಸುತ್ತಿದ್ದೆ: “ನನ್ನ ದೊಡ್ಡಪ್ಪನ ಮಗ ಸಿದ್ದಣ್ಣನನ್ನು ಶಾಲೆಗೆ ಸೇರಿಸಲು ಕರಕೊಂಡು ಹೊರಟರು. ಅವನಿಗಿಂತ ಎರಡು ವರ್ಷ ಚಿಕ್ಕವನಾದ ನಾನು ಬಿಟ್ಟಿರಲಾರದೆ ಅತ್ತೆ. ನನ್ನನ್ನೂ ಸೇರಿಸಿದರು. ಇಬ್ಬರಿಗೂ ಒಂದೇ ತಾರೀಖು, ಒಂದೇ ವರ್ಷ. ಕಾಗದದಲ್ಲಿ ನಾವು ಅವಳಿಗಳು.” ಹುಡುಗರು ನಗುತ್ತಿದ್ದರು. ಪ್ರತಿ ವರ್ಷ ಅದೇ ಜಾಗದಲ್ಲಿ ನಗುತ್ತಿದ್ದರು, ಹಾಗಾಗಿ ಪ್ರತಿ ವರ್ಷ ಅದೇ ಮಾತಿನಲ್ಲಿ ಹೇಳುತ್ತಿದ್ದೆ.

ಲತಾ ತಲೆಯ ಅಳತೆ ಕೇಳಿದ ದಿನ ನನ್ನ ಹಳೆಯ ಡೈರಿಗಳನ್ನು ತೆಗೆದೆ. ಕೆಲಸಕ್ಕೆ ಸೇರಿದ ವರ್ಷದ್ದರಲ್ಲಿ ಈ ಕತೆ ಇತ್ತು. ಆದರೆ ‘ಅತ್ತೆನಂತೆ’ ಎಂದು ಬರೆದಿದ್ದೆ. ಹತ್ತು ವರ್ಷದ ನಂತರದ್ದರಲ್ಲಿ ‘ಅತ್ತೆ’ ಎಂದಿತ್ತು. ಮೊನ್ನೆ ಮೊನ್ನೆಯದರಲ್ಲಿ ಯಾವ ಬಣ್ಣದ ಚಡ್ಡಿ ಹಾಕಿಕೊಂಡು ಅತ್ತೆ ಅನ್ನುವುದೂ ಇತ್ತು. ವರ್ಷ ಕಳೆದ ಹಾಗೆ ನೆನಪು ಮಾಸಬೇಕು, ನನ್ನದು ಬಣ್ಣ ತುಂಬಿಕೊಂಡಿತ್ತು. ಹಾಗಾದರೆ ಎರಡು ವರ್ಷ ಚಿಕ್ಕವನು ಅನ್ನುವುದಕ್ಕಾದರೂ ಏನಾಧಾರ?

ನನಗೆ ಆ ಎರಡು ವರ್ಷ ಬೇಕಾಗಿತ್ತು. ಸಂಬಳಕ್ಕಲ್ಲ. ದಾಖಲೆ ತಿದ್ದಲಾಗುವುದಿಲ್ಲ ಅನ್ನುವುದೂ ಗೊತ್ತು. ಜೂನ್ ಒಂದರ ಬೆಳಗ್ಗೆ ಎದ್ದು ಎಲ್ಲಿಗೂ ಹೋಗದೆ ಆ ಓಣಿಯಲ್ಲಿ ಕೂರುವುದನ್ನು ನೆನೆಸಿಕೊಳ್ಳಲಾಗುತ್ತಿರಲಿಲ್ಲ. ನಿನಗಿನ್ನೂ ಸಮಯವಾಗಿಲ್ಲ ಎಂದು ಯಾರಾದರೊಬ್ಬರು ಬಾಯಿಬಿಟ್ಟು ಹೇಳಿದರೆ ಸಾಕು ಅನ್ನಿಸಿತ್ತು. ಹಾಗೆ ಹೇಳಬಲ್ಲವಳು ಒಬ್ಬಳೇ ಉಳಿದಿದ್ದಳು, ಹುಟ್ಟೂರು ಹಳೇಕೋಟೆಯಲ್ಲಿ ನನ್ನ ದೊಡ್ಡವ್ವ, ಸಿದ್ದಣ್ಣನ ತಾಯಿ. ನನ್ನ ತಾಯಿ ತಂದೆ ಹೋಗಿ ಬಹಳ ಕಾಲವಾಯಿತು.

ಭಾನುವಾರ ಹೊಳೆನರಸೀಪುರದ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ಟಿಲ್ಲದ ಕಾಲ, ಸೀಟು ಸಿಗಲಿಲ್ಲ. ಒಬ್ಬ ಹುಡುಗಿ ಎದ್ದು, “ಕೂತ್ಕಳಿ ಸಾ” ಅಂದಳು. ನನ್ನ ವಿದ್ಯಾರ್ಥಿನಿಯೋ ಎಂದು ಮುಖ ನೋಡಿದೆ. ಅಲ್ಲ. ಗುರುವೆಂದು ಎದ್ದದ್ದಲ್ಲ, ಮುದುಕನೆಂದು ಎದ್ದದ್ದು. ನಾನು ಮುಂದಿನ ನಿಲ್ದಾಣದಲ್ಲೇ ಇಳಿಯುವವನ ಹಾಗೆ ತಲೆಯಾಡಿಸಿ ಹೊಳೆನರಸೀಪುರದವರೆಗೂ ಕಂಬ ಹಿಡಿದು ನಿಂತೆ. ಅಲ್ಲಿ ಬಸ್ಸು ಬದಲಿಸಿ ಹಳೇಕೋಟೆ ತಲುಪಿದಾಗ ಮೊಣಕಾಲು ತನ್ನ ವಯಸ್ಸನ್ನು ತಾನೇ ಹೇಳುತ್ತಿತ್ತು.

ದೊಡ್ಡವ್ವ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದಳು. ಸುತ್ತ ಸಿದ್ದಣ್ಣನ ಮೂರು ಮೊಮ್ಮಕ್ಕಳು, ಬೇಸಿಗೆ ರಜೆಯ ಗಲಾಟೆ. ನನ್ನನ್ನು ಕಣ್ಣು ಕಿರಿದು ಮಾಡಿ ನೋಡಿದಳು.

“ಏನ್ಲಾ ಮಗ, ತಲೆ ಇಂಗ್ ಬೆಳ್ಳಗಾಗೋಗದೆ! ಸುಣ್ಣದ್ ಗ್ವಾಡೆಗೇನಾರ ಒರ್ಗಿದ್ಯಾ? ಬಾ, ಕುಂತ್ಕ.”

ಕೂತೆ. ಸಿದ್ದಣ್ಣನ ಸೊಸೆ ಮಜ್ಜಿಗೆ ಕೊಟ್ಟಳು. ಸುತ್ತುಬಳಸಿ ಕೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದವನು ನೇರವಾಗಿ ಕೇಳಿಬಿಟ್ಟೆ. “ದೊಡ್ಡವ್ವ, ನಾನು ಹುಟ್ಟಿದ್ದು ಯಾವಾಗ?”

“ರಾಗಿ ಕಣದಲ್ಲಿತ್ತು.”

“ಯಾವ ವರ್ಷ?”

“ಅದೇ ವರ್ಸ ಕಣ್ಲಾ, ನೀನ್ ಉಟ್ಟಿದ್ ವರ್ಸ.”

ಜೂನ್ ಅಲ್ಲ ಅನ್ನುವುದಾದರೂ ಖಚಿತವಾಯಿತು. ಜೂನ್ ತಿಂಗಳಲ್ಲಿ ರಾಗಿ ಕಣಕ್ಕೆ ಬರುವುದಿಲ್ಲ. “ಆಗ ಸಿದ್ದಣ್ಣ ಎಷ್ಟು ದೊಡ್ಡವನಿದ್ದ?”

“ಅಂಬೆಗಾಲು ಇಕ್ತಿದ್ದ.” ಒಂದು ಬೀಜ ತೆಗೆದು ಬುಟ್ಟಿಗೆಸೆದಳು. “ಇಲ್ಲ, ಒಸ್ಲು ದಾಟ್ತಿದ್ದ.” ಇನ್ನೊಂದು ಬೀಜ. “ಕೋಳಿ ಅಟ್ಟಿಸ್ಕಂಡ್ ಓಡ್ತಿದ್ದ ಕಣ, ಈಗ್ ಗ್ಯಾನಕ್ ಬಂತು.”

ಇನ್ನೆರಡು ಬೀಜ ಬಿಡಿಸಿದರೆ ಸಿದ್ದಣ್ಣನಿಗೆ ಮೀಸೆ ಬರುವ ಹಾಗಿತ್ತು. ನಾನು ಕೋಳಿಗೇ ತೃಪ್ತನಾಗಿ ಶಾಲೆಯ ಮಾತೆತ್ತಿದೆ. “ಸಿದ್ದಣ್ಣನ್ನ ಸೇರಿಸೋಕೆ ಹೋದಾಗ ನಾನು ಅತ್ತೆ ಅಂತ ನನ್ನೂ ಸೇರಿಸಿದ್ರಲ್ಲ, ಆಗ ನನಗೆ ನಾಲ್ಕೇ ವರ್ಷ ಅಲ್ವಾ?”

ದೊಡ್ಡವ್ವನ ಕೈ ನಿಂತಿತು. “ನೀನೆಲ್ಲಿ ಅತ್ಯೋ? ಅತ್ತೋನು ಇವ್ನು, ನನ್ ಮಗ. ಕಂಬ ತಬ್ಕಂಡು ಕುಂತ್ಬುಟ್ಟ. ‘ಒಬ್ನೇ ಓಗಾಕಿಲ್ಲ, ಅವ್ನೂ ಬಂದ್ರೆ ಓಯ್ತೀನಿ’ ಅಂತ. ನಿಮ್ಮವ್ವ ಬ್ಯಾಡ ಅಂದ್ಲು, ನಂದಿನ್ನೂ ಎಳೇ ಮಗ ಅಂತ. ನಾನೇ ನಿನ್ನ ಎತ್ಕಂಡ್ ಓದೆ. ನೀನು ಬಾಯ್ ತುಂಬ ಬೆಲ್ಲ ಮಡಿಕ್ಕಂಡು ಸುಮ್ನೆ ನೋಡ್ತಾ ಇದ್ದೆ.”

“ಮತ್ತೆ ಮೇಷ್ಟ್ರು ಕಿವಿ ಮುಟ್ಟಿಸಲಿಲ್ವಾ?”

“ಮುಟ್ಟಿಸ್ದೆ ಇರ್ತಾರಾ? ಇವ್ನ ಕೈ ತಲ್ಪ್ತು. ನಿಂದು ನೆತ್ತಿ ಮ್ಯಾಲೇ ನಿಂತೋಯ್ತು. ಅವಯ್ಯ ಆ ಕಡೆ ತಿರುಗ್ದಾಗ ನಾನು ಇಂದ್ಗಡೆಯಿಂದ ನಿನ್ ಕಿವಿ ಇಡ್ದು ಮ್ಯಾಕ್ ಎಳ್ದೆ. ಬೆರಳ್ಗೆ ತಾಕ್ತು. ‘ನೋಡಿ ಸಾ, ತಾಕ್ತು’ ಅಂದೆ. ಬರ್ಕಂಡ್ರು.”

ಮೊಮ್ಮಕ್ಕಳು ಬಿದ್ದು ಬಿದ್ದು ನಕ್ಕವು. ನಾನೂ ನಕ್ಕೆ, ಆದರೆ ನಗು ಸ್ವಲ್ಪ ತಡವಾಗಿ ಬಂತು. ನನ್ನ ಸೇವಾ ಪುಸ್ತಕ, ನನ್ನ ಬೀಳ್ಕೊಡುಗೆ, ನನ್ನ ಪೇಟ ಎಲ್ಲಕ್ಕೂ ಅಡಿಪಾಯ ಎಳೆದ ಒಂದು ಕಿವಿ. ಅದಕ್ಕಿಂತ ಹೆಚ್ಚಾಗಿ, ನಾನು ಯಾರನ್ನೂ ಬಿಟ್ಟಿರಲಾರದೆ ಅತ್ತವನಲ್ಲ. ಇನ್ನೊಬ್ಬನಿಗೆ ಒಂಟಿಯಾಗುತ್ತದೆ ಎಂದು ಎತ್ತಿಕೊಂಡು ಹೋದ ಸಾಮಾನು ನಾನು.

ಅಷ್ಟರಲ್ಲಿ ಸಿದ್ದಣ್ಣ ಹುಲ್ಲಿನ ಹೊರೆ ಹೊತ್ತು ಬಂದ. ಕೊಟ್ಟಿಗೆಯ ಹತ್ತಿರ ಹೊರೆ ಇಳಿಸಿ, ಟವೆಲಿನಿಂದ ಕತ್ತು ಒರೆಸಿಕೊಂಡು, ವಿಷಯ ಕೇಳಿದ.

“ಅತ್ತೋನು ನಾನಾ? ಅವ್ವಂಗ್ ಗ್ಯಾನ ತಪ್ಪದೆ ಕಣ್ಲಾ. ಯಾರೂ ಅಳ್ಲಿಲ್ಲ. ಇಸ್ಕೂಲಲ್ಲಿ ಉಪ್ಪಿಟ್ ಕೊಡ್ತಾರೆ ಅಂತ ಇಬ್ರೂ ಓಡೋಗಿದ್ವಿ.”

“ಓಡೋದೋನು ನಾಕ್ನೇ ಕ್ಲಾಸ್ಗೇ ಯಾಕ್ಲಾ ಬುಟ್ಟೆ?” ಅಂದಳು ದೊಡ್ಡವ್ವ.

“ಉಪ್ಪಿಟ್ ಸಾಕಾಯ್ತು, ಬುಟ್ಟೆ.” ನನ್ನ ಕಡೆ ತಿರುಗಿದ. “ಇವ್ನ್ಯಾಕ್ ಬುಡ್ಲಿಲ್ಲ ಕೇಳು. ನನ್ ಜೊತೇಗ್ ಅಂತ ಕಳ್ಸಿದ್ರೆ, ನಾನ್ ಎದ್ ಬಂದ್ರೂ ಇವ್ನು ಇನ್ನೂ ಅಲ್ಲೇ ಕುಂತವ್ನೆ!”

ನನ್ನ ಇಡೀ ಜೀವನವನ್ನು ಯಾರೂ ಇಷ್ಟು ಕಡಿಮೆ ಮಾತಿನಲ್ಲಿ ಹೇಳಿರಲಿಲ್ಲ. ಮೇ ಮೂವತ್ತೊಂದಕ್ಕೆ ನಾನೂ ಎದ್ದು ಬರುತ್ತೇನೆ, ನಿವೃತ್ತಿ ಎಂದೆ.

“ನಂಗೂ ಅದೇ ತಾರೀಕಲ್ವಾ?” ಸಿದ್ದಣ್ಣ ಹುಬ್ಬೇರಿಸಿದ. “ಲೇ ಮಕ್ಳಾ, ಎಮ್ಮೆಗ್ ಯೋಳ್ಬುಡ್ರಿ, ನಿಮ್ ತಾತಂಗೆ ರಿಟೇರ್ ಆಯ್ತು, ಇನ್ನು ನಿನ್ ಹುಲ್ಲು ನೀನೇ ಕೊಯ್ಕಬೇಕಂತೆ ಅಂತ.”

ಮತ್ತೆ ನಗು. ಆ ನಗುವಿನ ನಡುವೆಯೇ ನಾನು ಬಂದ ಕೆಲಸ ಕೇಳಿಬಿಡಬೇಕಾಗಿತ್ತು. “ಹಾಗಾದ್ರೆ ದೊಡ್ಡವ್ವ, ನನಗಿನ್ನೂ ಅರವತ್ತಾಗಿಲ್ಲ ಅಲ್ವಾ?” ಅಂದೆ. ಹಗುರವಾಗಿ ಕೇಳಬೇಕೆಂದಿದ್ದೆ. ದನಿ ಹಗುರವಾಗಿ ಬರಲಿಲ್ಲ.

ದೊಡ್ಡವ್ವ ಬುಟ್ಟಿ ಪಕ್ಕಕ್ಕೆ ಸರಿಸಿದಳು. “ಕೈ ಎತ್ತು” ಅಂದಳು.

ಬಲಗೈ ಎತ್ತಿದೆ. ಮೂವತ್ತು ವರ್ಷ ಹಲಗೆಯ ಮೇಲೆ ಖಂಡಗಳನ್ನು ಬರೆದ ಕೈ ಅದು. ಎರಡು ವರ್ಷದಿಂದ ಭುಜ ಹಿಡಿದುಕೊಂಡಿದೆ. ನೆತ್ತಿಯ ತನಕ ಹೋಯಿತು, ಅಲ್ಲಿ ನಿಂತಿತು. ಬೆರಳು ಕಿವಿಯ ಕಡೆ ಬಾಗಿ ಗಾಳಿಯಲ್ಲೇ ತಡಕಾಡಿತು. ಇನ್ನೊಂದಿಷ್ಟು ಒತ್ತಿದೆ. ಇಲ್ಲ.

“ತಾಕ್ಲಿಲ್ಲ!” ಎಂದು ಕಿರಿಯ ಮೊಮ್ಮಗಳು ಕೂಗಿದಳು.

“ಇನ್ನೂ ವಯಸ್ಸಾಗಿಲ್ಲ ಕಣ್ ಮಗ” ಅಂದಳು ದೊಡ್ಡವ್ವ. “ಮುಂದ್ಲೊರ್ಸ ಬಾ.”

ಈ ಸಲ ಅವಳು ಹಿಂದಿನಿಂದ ಬಂದು ಕಿವಿ ಎಳೆಯಲಿಲ್ಲ. ಬುಟ್ಟಿ ಹತ್ತಿರ ಎಳೆದುಕೊಂಡು ಮತ್ತೆ ಬೀಜ ಬಿಡಿಸಲು ಕೂತಳು. ಮುದುಕನೆಂದು ಸೀಟು ಬಿಟ್ಟುಕೊಟ್ಟ ಬಸ್ಸಿನಿಂದ ಇಳಿದು ಎರಡು ಗಂಟೆಯೂ ಆಗಿರಲಿಲ್ಲ. ಇಲ್ಲಿ ನಾನು ಒಂದನೇ ತರಗತಿಗೂ ಸಾಲದವನಾಗಿದ್ದೆ. ಊರಿನ ಸಾಲಿನಲ್ಲಿ ನಾವು ಎಲ್ಲಿ ನಿಂತಿದ್ದೇವೆ ಅನ್ನುವುದು ಪಕ್ಕದಲ್ಲಿ ಯಾರು ನಿಂತಿದ್ದಾರೆ ಅನ್ನುವುದರ ಮೇಲಿದೆ. ನನ್ನ ಓಣಿಯಲ್ಲಿ ಆ ಪಕ್ಕದವರೇ ಇಲ್ಲ.

ಸಂಜೆ ಸಿದ್ದಣ್ಣ ಬಸ್ಸಿನ ತನಕ ಬಂದ. ರಸ್ತೆಯ ಬದಿ ಇಬ್ಬರೂ ನಿಂತಿದ್ದೆವು. ದೂರದಲ್ಲಿ ಬಸ್ಸು ಕಂಡಾಗ ಕೇಳಿದ, “ಅವತ್ತು ಹಾರಗೀರ ಹಾಕಿಸ್ಕಂಡು ಮನೆಗ್ ಒಬ್ನೇ ಓಯ್ತೀಯಾ?”

“ಮತ್ತಿನ್ನೇನು?”

“ನಾನ್ ಬತ್ತೀನ್ ಬುಡು. ಎಮ್ಮೆ ಸೊಸೆ ನೋಡ್ಕತಾಳೆ.”

“ನಿನಗ್ಯಾಕೆ ತೊಂದರೆ ಸಿದ್ದಣ್ಣ” ಅಂದೆ, ಹಾಗನ್ನಬೇಕು ಎಂದು.

“ಅತ್ತೋನ್ ನಾನಾದ್ರೆ ನೀನ್ ನನ್ ಜೊತೆ ಬಂದಿದ್ದೆ. ಅತ್ತೋನ್ ನೀನಾದ್ರೆ ನಾನ್ ನಿನ್ ಜೊತೆ ಓಗಿದ್ದೆ. ಎಂಗಾದ್ರೂ ಒಳಿಕ್ಕೆ ಓಗಾಗ ಇಬ್ರಿದ್ವಲ್ಲ” ಅಂದ. ಬಸ್ಸು ಬಂತು. “ಅತ್ತು ಅತ್ತು, ಸೀಟೈತೆ.”

ಒಂದೇ ರಾತ್ರಿ ಇದ್ದು ಮರುದಿನ ಬೆಳಗ್ಗೆ ಎಮ್ಮೆಯ ನೆಪ ಹೇಳಿ ಅವನು ಹೊರಟುಬಿಡುತ್ತಾನೆ, ಅದು ನನಗೆ ಗೊತ್ತು. ಆಮೇಲೆ ಓಣಿ ಇದ್ದ ಹಾಗೇ ಇರುತ್ತದೆ. ಜೂನ್‌ನಲ್ಲಿ ಹೊಸ ಹುಡುಗರು ಬಂದು ‘ಅಂಕಲ್, ನೀರು ಬಂತಾ?’ ಅನ್ನುತ್ತಾರೆ, ನಾನು ‘ಬಂತು’ ಅನ್ನುತ್ತೇನೆ. ಮನೆಗೆ ಬಂದು ಡೈರಿಯಲ್ಲಿ ಮೂರು ಕತೆಗಳನ್ನೂ ಒಂದರ ಕೆಳಗೊಂದು ಬರೆದೆ. ನಾನು ಅತ್ತದ್ದು, ಅವನು ಅತ್ತದ್ದು, ಯಾರೂ ಅಳದೆ ಉಪ್ಪಿಟ್ಟಿಗೆ ಓಡಿದ್ದು. ಯಾವುದು ನಿಜ ಎಂದು ಬರೆಯಲಿಲ್ಲ. ಮೂರರಲ್ಲೂ ಬಾಗಿಲಲ್ಲಿ ಇಬ್ಬರಿದ್ದಾರೆ.

ಸೋಮವಾರ ಲತಾ ಮತ್ತೆ ಬಂದು ತಲೆಯ ಅಳತೆ ಕೇಳಿದಳು. ಹೇಳಿದೆ. ಆಮೇಲೆ, ಪೇಟ ಒಂದಲ್ಲ, ಎರಡು ತರಿಸಮ್ಮ ಅಂದೆ. ಇನ್ನೊಂದು ಯಾರಿಗೆ ಸಾರ್ ಎಂದು ಕೇಳಿದಳು. ನಾನು ಹುಟ್ಟಿದ ದಿನವೇ ಹುಟ್ಟಿದವನೊಬ್ಬ ಇದ್ದಾನೆ, ಅವನಿಗೂ ಅವತ್ತೇ ನಿವೃತ್ತಿ ಎಂದೆ.